ಗಾಳದ ಕಾಕಾ

ಗಾಳದ ಕಾಕಾ ಮೀನು ತಿನ್ನುವುದಿಲ್ಲ. ಅವರ ಮನೆಯಲ್ಲಿ ಶ್ರಾವಣ ಬಂದರೆ ಉಳ್ಳಾಗಡ್ಡಿಗೂ ಪ್ರವೇಶವಿಲ್ಲ. ಬೆಳಗಾವಿಯ ಕ್ಯಾಂಪಿನ ಕಡೆ ಹೋಗುವಾಗ ಮೀನು ಮಾರ್ಕೆಟ್ ಬರುವ ಮೊದಲೇ ಅವರ ಕರವಸ್ತ್ರ ಮೂಗಿಗೆ ಏರಿರುತ್ತದೆ. ಆದರೂ ರವಿವಾರ ನಸುಕಿನಲ್ಲಿ ಟಿಳಕವಾಡಿಯ ಮೂರನೇ ಗೇಟ್ ದಾಟಿ, ಉದ್ಯಮಬಾಗ, ಪೀರನವಾಡಿ, ಮಚ್ಛೆ ಹಾದು ಖಾನಾಪುರದ ದಾರಿ ಹಿಡಿದ ಸ್ಕೂಟರೊಂದರ ಹಿಂದೆ ಎರಡು ಗಾಳದ ಕೋಲು, ಒಂದು ಮಡಚುವ ಸ್ಟೂಲು, ಒಂದು ಫೈಲು ಕಟ್ಟಿದ್ದು ಕಂಡರೆ ಅದು ಅವರದೇ. ಕೋಲು ಮೀನಿಗೆ, ಸ್ಟೂಲು ಸೊಂಟನೋವಿಗೆ. ಫೈಲಿನ ಸಂಗತಿ ಮುಂದೆ ಬರುತ್ತದೆ.

ಈ ಬಗೆಯ ಮನುಷ್ಯ ನಿಮ್ಮ ಓಣಿಯಲ್ಲೂ ಒಬ್ಬ ಇದ್ದಾನು. ಗಾಳದ ಬದಲು ಅವನ ಕೈಯಲ್ಲಿ ಕೇರಂ ಸ್ಟ್ರೈಕರ್ ಇದ್ದೀತು, ಇಲ್ಲವೇ ಗಣೇಶ ಮಂಡಳದ ರಸೀದಿ ಪುಸ್ತಕ. ನಮ್ಮ ಕಾಕಾ ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ನೌಕರಿ ಸವೆಸಿದವರು. ಊರೂರು ತಿರುಗಿ, ಇನ್ನೊಬ್ಬರ ಲೆಕ್ಕದಲ್ಲಿ ಹನ್ನೊಂದು ರೂಪಾಯಿ ನಲವತ್ತು ಪೈಸೆ ಎಲ್ಲಿ ಸೋರಿತು ಎಂದು ಹುಡುಕಿ ತೆಗೆದವರು. ನಿವೃತ್ತಿಯಾದ ಮೇಲೆ ಮನೆಯ ತಪಾಸಣೆ ಶುರುವಾಯಿತು: ಕಿರಾಣಿ ಚೀಟಿ, ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು. ಕಾಕು ಒಂದು ವಾರ ತಡೆದರು. ಎಂಟನೇ ದಿನ, "ನೀವು ಏನರ ಹೊರಗಿನ ಕೆಲಸ ನೋಡ್ಕೋರಿ. ಇಲ್ಲಾಂದ್ರ ನಾನs ನೋಡ್ಕೋತೀನಿ" ಅಂದರು. ಮಲಪ್ರಭೆಯ ಮೀನುಗಳಿಗೆ ಶನಿ ಹಿಡಿದದ್ದು ಹೀಗೆ.

"ತಿನ್ನಂಗಿಲ್ಲ ಅಂದಮ್ಯಾಲ ಯಾಕ ಹಿಡೀತೀರಿ ಕಾಕಾ?" ಎಂದು ಕೇಳುವವರಿಗೆ ಅವರ ಉತ್ತರ ಸಿದ್ಧವಿದೆ. "ಸೋಮೇಶ್ವರ ಮಹಾರಾಜ ಏನು ಹೊಟ್ಟಿ ಹಸಿದು ಹಿಡೀತಿದ್ನೇನು?" ಈ ಒಂದು ವಿಷಯದಲ್ಲಿ ಕಾಕಾನ ಆಧಾರ ಗಟ್ಟಿ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ಪೈಕಿ ಮತ್ಸ್ಯವಿನೋದವೂ ಒಂದು. ಮೀನಿನ ಜಾತಿಗಳು, ಯಾವ ಮೀನಿಗೆ ಯಾವ ಮೇವು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದು ಅರಸ ಕೂತು ಬರೆಸಿದ್ದಾನೆ. ಇಂಗ್ಲೆಂಡಿನವರು ಗಾಳದ ವೇದ ಎಂದು ತಲೆಯ ಮೇಲೆ ಹೊತ್ತುಕೊಳ್ಳುವ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ಐನೂರು ವರ್ಷ ಹಿಂದೆ ಬಿದ್ದರು ಪಾಪ. ಕಾಕಾ ಇಲ್ಲಿಗೆ ನಿಲ್ಲುವುದಿಲ್ಲ. ಖಾನಾಪುರ ತಾಲ್ಲೂಕಿನ ಹಲಸಿಯನ್ನು ಆಳಿದ ಗೋವೆಯ ಕದಂಬರು ಚಾಲುಕ್ಯರ ಸಾಮಂತರು. ಆದ್ದರಿಂದ ಖಾನಾಪುರದ ದಂಡೆಯ ಮೇಲೆ ಸ್ಟೂಲು ಹಾಕಿ ಕೂಡುವುದು ವಂಶಪಾರಂಪರ್ಯದ ಹಕ್ಕು. ಯಾರ ವಂಶ ಎಂದು ಯಾರೂ ಕೇಳಿಲ್ಲ. ಕೇಳಿದರೆ ಅದಕ್ಕೂ ಒಂದು ಕಾಗದ ಫೈಲಿನಿಂದ ಹೊರಬಿದ್ದೀತು ಎಂಬ ಭಯ.

ಪಂದ್ಯದ ಹುಚ್ಚು ಮಾತ್ರ ಇಂಗ್ಲೆಂಡಿನದು. ಅಲ್ಲಿ ಸಾಲ್ಮನ್, ಟ್ರೌಟ್ ಹಿಡಿಯುವುದು ಶ್ರೀಮಂತರ ಚಟ. ಉಳಿದ ಸಾದಾ ಮೀನುಗಳಿಗೆ ಸಾದಾ ಮಂದಿ ಕ್ಲಬ್ ಕಟ್ಟಿಕೊಂಡು ಪಂದ್ಯ ಆಡುತ್ತಾರೆ. ಚೀಟಿ ಎತ್ತಿ ದಂಡೆಯ ಮೇಲಿನ ಜಾಗ ಹಂಚುವುದು, ಸೀಟಿ ಊದಿದ ಮೇಲೆಯೇ ಗಾಳ ಇಳಿಸುವುದು, ಹಿಡಿದದ್ದನ್ನು ನೀರಲ್ಲೇ ಬಲೆಯ ಚೀಲದಲ್ಲಿ ಜೀವಂತ ಇಡುವುದು, ಕೊನೆಗೆ ಒಟ್ಟು ತೂಕ ನೋಡಿ ಮೀನು ಬಿಟ್ಟುಬಿಡುವುದು. ಕಾಕಾ ಇದನ್ನು ಮೊಬೈಲಿನಲ್ಲಿ ನೋಡಿದ ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಚೀಟಿ, ಸೀಟಿ, ತಕ್ಕಡಿ, ನಿಯಮ, ಮೇಲ್ಮನವಿ! ಮೀನು ಹಿಡಿಯುವುದರಲ್ಲಿ ಇಷ್ಟೆಲ್ಲ ಕಚೇರಿ ಕೆಲಸ ಇದೆಯೆಂದು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಕ್ಲಬ್ ಹುಟ್ಟಿತು. ಹೆಸರು ಹುಟ್ಟಲಿಲ್ಲ. 2014ರ ನವೆಂಬರ್ 1ರಂದು ಸರ್ಕಾರ ಊರಿನ ಹೆಸರನ್ನು ಅಧಿಕೃತವಾಗಿ ಬೆಳಗಾವಿ ಮಾಡಿ ಕೈತೊಳೆದುಕೊಂಡಿತು, ಆದರೆ ಈ ಊರಲ್ಲಿ ಒಂದು ಬೋರ್ಡ್ ಬರೆಸುವ ಕಷ್ಟ ಬರೆಸಿದವರಿಗೇ ಗೊತ್ತು. ಅರ್ಧ ಸದಸ್ಯರು ಮನೆಯಲ್ಲಿ ಮರಾಠಿ, ಅರ್ಧ ಕನ್ನಡ. ಯಾವ ಅಕ್ಷರ ಮೇಲೆ, ಯಾವುದು ಕೆಳಗೆ ಎಂಬ ಚರ್ಚೆ ಶುರುವಾಗುವ ಲಕ್ಷಣ ಕಂಡದ್ದೇ ಕಾಕಾ, "ಮೀನಿಗೆ ಓದಾಕ ಬರಂಗಿಲ್ಲ, ಬೋರ್ಡ್ ಬ್ಯಾಡ" ಎಂದು ಠರಾವು ಪಾಸು ಮಾಡಿದರು. ಗಡಿ ವಿವಾದವನ್ನು ಇಷ್ಟು ಬೇಗ ಮುಗಿಸಿದ ಸಂಸ್ಥೆ ಇನ್ನೊಂದಿಲ್ಲ.

ಸದಸ್ಯರು ಐದು ಮಂದಿ. ಕಾಕಾ, ಶಹಾಪುರದ ಸೀರೆ ಅಂಗಡಿಯ ಸಾಹುಕಾರರು, ಉದ್ಯಮಬಾಗದ ಫೌಂಡ್ರಿ ಮಾಲೀಕರು, ಮರಾಠಾ ಲಘು ಪದಾತಿ ದಳದಿಂದ ನಿವೃತ್ತರಾದ ಸುಬೇದಾರರು, ಖಾನಾಪುರದ ಗಣಿತದ ಮಾಸ್ತರರು. ನಾನು ಗಾಳ ಹಿಡಿದವನಲ್ಲ. ಗಡಿಯಾರ ನೋಡಲು ಒಬ್ಬ ತಟಸ್ಥ ಬೇಕು ಎಂದು ನನ್ನನ್ನು ಎಳೆದುಕೊಂಡು ಹೋಗಿದ್ದರು.

ಈಗ ಫೈಲು. ಅದರ ಮೊದಲ ಹಾಳೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯ ಜೆರಾಕ್ಸ್, ಲ್ಯಾಮಿನೇಟ್ ಮಾಡಿದ್ದು, ನೀರಿನ ಕೆಲಸ ನೋಡಿ. ಆಮೇಲೆ ಕಾಕಾನೇ ಬರೆದ ನಿಯಮಾವಳಿ. ಗುಡಿಯ ಘಟ್ಟದ ಸಮೀಪ ಗಾಳ ಹಾಕಕೂಡದು. ಎಮ್ಮೆಗಳು ನೀರಿಗಿಳಿದರೆ ಅದು ನೈಸರ್ಗಿಕ ಅಡಚಣೆ, ಹೆಚ್ಚುವರಿ ಸಮಯ ಇಲ್ಲ. ತೂಗುವವನು ತಿನ್ನುವವನಾಗಿರಬಾರದು. ಈ ಕೊನೆಯದು ಸುಬೇದಾರರ ಮೇಲೆ, ಏಕೆಂದರೆ ಪಂದ್ಯ ಮುಗಿದ ಮೇಲೆ ಮೀನು ಕೇಳುವವರು ಅವರೊಬ್ಬರೇ. ಇನ್ನೊಂದು ನಿಯಮ ನೇರವಾಗಿ ಫೌಂಡ್ರಿಯ ಮೇಲೆ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಈರಿ ಸರೋವರದ ಪಂದ್ಯವೊಂದರಲ್ಲಿ ಗೆಲ್ಲಬೇಕಿದ್ದ ಮೀನುಗಳ ಹೊಟ್ಟೆ ಸೀಳಿದಾಗ ಸೀಸದ ಗುಂಡುಗಳು ಉದುರಿದವು. ತುರುಕಿದ ಇಬ್ಬರಿಗೆ ಮರುವರ್ಷ ಹತ್ತು ದಿನದ ಜೈಲೂ ಆಯಿತು. ಆ ವಿಡಿಯೋ ನೋಡಿದ ಕಾಕಾ ಮರುದಿನವೇ ಬರೆದರು: ತೂಕಕ್ಕೆ ಮುಂಚೆ ಪ್ರತಿ ಮೀನಿನ ಬಾಯಿ ತೆರೆದು ಬ್ಯಾಟರಿ ಬಿಟ್ಟು ನೋಡತಕ್ಕದ್ದು. ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ತಾವೇ ಎರಕ ಹೊಯ್ದು ಎಲ್ಲರಿಗೂ ಪುಕ್ಕಟೆ ಹಂಚುವ ಫೌಂಡ್ರಿಯವರಿಗೆ ಇದು ಬಹಳ ನೋವು ತಂದಿತು. "ನನ್ನ ಮ್ಯಾಲ ಸಂಶೇನ್ರಿ ಕಾಕಾ?" ಅಂದರು. "ನಿಮ್ಮ ಮ್ಯಾಲಲ್ಲ, ಮೀನಿನ ಮ್ಯಾಲ" ಅಂದರು ಕಾಕಾ.

ಮೇವಿನ ಗುಟ್ಟು ನಿಯಮಾವಳಿಯಲ್ಲಿ ಇಲ್ಲ. ಮಾಸ್ತರರು ಎರೆಹುಳದವರು. ಸಾಹುಕಾರರು ಶೇಂಗಾ ಹಿಂಡಿ ತರುತ್ತಾರೆ. ಕಾಕಾ ಎರೆಹುಳ ಮುಟ್ಟುವುದಿಲ್ಲ, ಅಹಿಂಸೆ ಅಡ್ಡ ಬರುತ್ತದೆ. ಅವರದು ಶುದ್ಧ ಶಾಕಾಹಾರಿ ಗಾಳ: ಗೋಧಿ ಹಿಟ್ಟಿನ ಕಣಕ, ಅದಕ್ಕೆ ಬೆಲ್ಲ, ಇಂಗು, ಮೇಲೆ ಒಂದು ಚೂರು ಬೆಳಗಾವಿ ಕುಂದಾ. ಇಂಗಿನ ಡಬ್ಬಿ ತಿಂಗಳಿಗೊಮ್ಮೆ ಖಾಲಿಯಾಗುವುದು ಹೇಗೆ ಎಂದು ಕಾಕು ಈಗ ತಾವೇ ತಪಾಸಣೆ ನಡೆಸಿದ್ದಾರೆಂದು ಸುದ್ದಿ.

ಪಂದ್ಯದ ದಿನ ಮಳೆಗಾಲ ಕಳೆದು ನೀರು ತಿಳಿಯಾಗಿತ್ತು. ಕಣಕುಂಬಿಯಲ್ಲಿ ಹುಟ್ಟಿ, 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಮಲಪ್ರಭೆ ಖಾನಾಪುರದ ಹತ್ತಿರ ಇನ್ನೂ ಹುಡುಗಿ ನದಿ. ಅಸೋಗಾದ ರಾಮಲಿಂಗೇಶ್ವರನಿಗೆ ದೂರದಿಂದಲೇ ಕೈಮುಗಿದು, ಘಟ್ಟದಿಂದ ಸಾಕಷ್ಟು ಆಚೆ ಜಾಗ ಗುರುತಿಸಿ, ಚೀಟಿ ಎತ್ತಿದ್ದಾಯಿತು. ಕಾಕಾನಿಗೆ ಆಲದ ನೆರಳಿನ ಜಾಗ ಬಂತು. ಚೀಟಿ ಬರೆದವರೂ ಮಡಚಿದವರೂ ಅವರೇ ಎಂದು ಸಾಹುಕಾರರು ಗೊಣಗಿದರು. ಗೊಣಗಿದ್ದು ನಡಾವಳಿಯಲ್ಲಿ ದಾಖಲಾಯಿತು. ಸುಬೇದಾರರು ಸೀಟಿ ಊದಿದರು. ಎದುರು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಬೆಚ್ಚಿ ಎದ್ದು ನಿಂತರು.

ಆಮೇಲೆ ಏನೂ ಆಗಲಿಲ್ಲ. ಗಾಳದ ಪಂದ್ಯದ ಮುಖ್ಯ ಘಟನೆ ಇದೇ: ಏನೂ ಆಗದಿರುವುದು. ಬೆಂಡು ನೀರಿನ ಮೇಲೆ ಕೂತಿರುತ್ತದೆ, ಮನುಷ್ಯ ದಂಡೆಯ ಮೇಲೆ ಕೂತಿರುತ್ತಾನೆ. ಹತ್ತು ಗಂಟೆಗೆ ಬುತ್ತಿ ಬಿಚ್ಚಿದೆವು. ಥಾಲಿಪೆಟ್ಟು, ಶೇಂಗಾ ಚಟ್ನಿ, ಮೊಸರು. ಬುತ್ತಿಯ ಹೊತ್ತಿಗೆ ಮೀನು ಬೀಳದ ಕಾರಣಗಳೂ ಹೊರಬಂದವು. ಗಾಳಿ ಮೂಡಣದ್ದು. ನಿನ್ನೆ ಹುಣ್ಣಿಮೆ. ಕೆಳಗೆ ನವಿಲುತೀರ್ಥದಲ್ಲಿ ಡ್ಯಾಮ್ ಕಟ್ಟಿದ ಮೇಲೆ ಮೀನು ಮೇಲೆ ಹತ್ತಿ ಬರುವುದಾದರೂ ಹೇಗೆ? ಈ ಕೊನೆಯ ಕಾರಣದಲ್ಲಿ ಹುರುಳಿದೆ. ಆದರೆ ಡ್ಯಾಮ್ ಕಟ್ಟಿ ಐವತ್ತು ವರ್ಷವಾದ ಮೇಲೆಯೂ ರವಿವಾರ ಬೆಳಿಗ್ಗೆ ಹತ್ತಕ್ಕೇ ಅದು ನೆನಪಾಗುವುದು ವಿಶೇಷ.

ಹನ್ನೊಂದೂವರೆಗೆ ಸಾಹುಕಾರರ ಬೆಂಡು ಮುಳುಗಿತು. ಎಳೆದರು. ಬಂದದ್ದು ಅಂಗೈಯಗಲದ ಏಡಿ.

"ಇದು ಮೀನಲ್ಲ" ಎಂದರು ಕಾಕಾ, ಕನ್ನಡಕ ಏರಿಸಿ.

"ನೀರಾಗ ಇತ್ತು, ಗಾಳಕ್ಕ ಬಿತ್ತು, ತೂಕ ಐತಿ. ಮತ್ತೇನು ಬೇಕ್ರಿ?"

"ನೀರಾಗ ಎಮ್ಮಿನೂ ಇರ್ತದ. ತೂಗೂಣೇನು?"

ಮಾಸ್ತರರನ್ನು ಕರೆದರು. ಏಡಿಗೆ ಹತ್ತು ಕಾಲು, ಬೆನ್ನೆಲುಬು ಇಲ್ಲ, ಆದ್ದರಿಂದ ಮೀನಲ್ಲ ಎಂದು ಮಾಸ್ತರರು ಸಾಧಿಸಿದರು. "ಬೆನ್ನೆಲುಬು ಇಲ್ಲದವ್ರು ಎಷ್ಟು ಮಂದಿ ಇಲೆಕ್ಷನ್ ಗೆದ್ದಾರ್ರೀ ಮಾಸ್ತರ, ನಮ್ಮ ಏಡಿ ಗೆದ್ರ ಏನು ತಪ್ಪು?" ಎಂದರು ಸಾಹುಕಾರರು. ಫೌಂಡ್ರಿಯವರು ಹಳೆಯ ನೋವಿನಿಂದ ಏಡಿಯ ಪಕ್ಷ ಸೇರಿದರು. ನಿಯಮಾವಳಿಯಲ್ಲಿ 'ಜಲಚರ' ಎಂದಿದೆಯೋ 'ಮೀನು' ಎಂದಿದೆಯೋ ನೋಡಲು ಫೈಲು ಬಿಚ್ಚಿದರು. ಮೂರನೇ ಪುಟದಲ್ಲಿ ಜಲಚರ, ಏಳನೇ ಪುಟದಲ್ಲಿ ಮೀನು. ಕಾಕಾನ ಮುಖ ಆಗ ನೋಡಬೇಕಿತ್ತು: ಮೊದಲ ಮೊಮ್ಮಗನನ್ನು ಎತ್ತಿಕೊಂಡ ಅಜ್ಜನ ಬೆಳಕು ಅದರಲ್ಲಿತ್ತು. ಎಷ್ಟೋ ವರ್ಷಗಳ ಮೇಲೆ ಅವರಿಗೊಂದು ನಿಜವಾದ ವ್ಯತ್ಯಾಸ ಸಿಕ್ಕಿತ್ತು, ಅದೂ ತಮ್ಮದೇ ಲೆಕ್ಕದಲ್ಲಿ.

ವಾದ ಮುಕ್ಕಾಲು ತಾಸು ನಡೆಯಿತು. ಅಷ್ಟರಲ್ಲಿ ಏಡಿ ತನ್ನ ಹತ್ತೂ ಕಾಲು ಉಪಯೋಗಿಸಿ ನದಿಗೆ ಹೋಗಿತ್ತು. ಗೈರುಹಾಜರಾದ ಏಡಿಯ ತೂಕ ಬರೆಯುವುದು ಹೇಗೆ ಎಂಬ ಹೊಸ ಪ್ರಶ್ನೆ ಎದ್ದಿತು. ಅದನ್ನು ಎತ್ತಿಕೊಳ್ಳುವ ಹೊತ್ತಿಗೆ ಆಲದ ಕೆಳಗಿನ ಖಾಲಿ ಸ್ಟೂಲು ಉರುಳಿತು. ಕಾಕಾನ ಕೋಲು ದಂಡೆಯ ಮೇಲೆ ಜರ್ರೆಂದು ಜಾರಿ, ನೀರಿಗೆ ಬಿದ್ದು, ಪ್ರವಾಹಕ್ಕೆ ಎದುರಾಗಿ ಹೊರಟಿತು. ಎಮ್ಮೆ ಕಾಯುವ ಹುಡುಗ ಈಜಿ ಹೋಗಿ ಕೋಲು ತಂದುಕೊಟ್ಟ. ಕೊಕ್ಕೆ ನೆಟ್ಟಗಾಗಿತ್ತು. ಕುಂದಾ ಹೋಗಿತ್ತು.

ತಪ್ಪಿದ ಮೀನು ದೊಡ್ಡದಿತ್ತು ಎಂದು ಗಾಳದವರೆಲ್ಲ ಹೇಳುತ್ತಾರೆ. ಕಾಕಾ ಹಾಗೆ ಬಾಯಿಮಾತಿನಲ್ಲಿ ಬಿಡುವವರಲ್ಲ. ಫೈಲಿನಲ್ಲಿ ಹೊಸ ಹಾಳೆ ತೆರೆದು, ಗೆರೆ ಹೊಡೆದು, 'ವಸೂಲಾಗದ ಬಾಕಿ' ಎಂದು ತಲೆಬರಹ ಕೊಟ್ಟು, ಅಂದಾಜು ತೂಕ ಮೂರು ಕಿಲೋ ಎಂದು ಬರೆದು ನನ್ನ ಸಹಿ ಹಾಕಿಸಿಕೊಂಡರು. ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಡಲು ಹೋದಾಗ ಅದು ಮೂರೂವರೆ ಆಗಿತ್ತು. ಯುಗಾದಿಗೆ ನಾಲ್ಕು. "ಅದೆಂಗ ಕಾಕಾ?" ಎಂದೆ. "ಬಾಕಿ ಅಂದಮ್ಯಾಲ ಬಡ್ಡಿ ಬ್ಯಾಡೇನು?" ಅಂದರು. ಚಕ್ರಬಡ್ಡಿಯ ಲೆಕ್ಕ ಮಾಸ್ತರರೇ ಹಾಕಿಕೊಡುತ್ತಾರಂತೆ.

ಪಂದ್ಯದ ದಿನ ಎರಡಕ್ಕೆ ಮತ್ತೆ ಸೀಟಿ, ತೂಕ. ವಾದದ ಕಡೆ ತಿರುಗಿಯೂ ನೋಡದೆ ಕೂತಿದ್ದ ಸುಬೇದಾರರಿಗೆ ಮೂರು ಗೆಂಡೆ, ಎಲ್ಲ ಸೇರಿ ಒಂದು ಕಿಲೋಕ್ಕೆ ಚೂರು ಕಡಿಮೆ. ಕಾಕಾನ ಪಾಲಿಗೆ ಬೆರಳುದ್ದದ್ದು ಕೆಲವು, ಒಟ್ಟು 120 ಗ್ರಾಂ. ಅವುಗಳ ಬಾಯಿಗೂ ಬ್ಯಾಟರಿ ಬಿಟ್ಟು ನೋಡಿದರು, ನಿಯಮ ನಿಯಮವೇ. 120 ಎಂಬ ಅಂಕಿ ಕೇಳಿ ಕಾಕಾ ಅರಳಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ ಕೂಡ 120, ಪೌಂಡು. "ಅಂಕಿ ಒಂದೇ ನೋಡ್ರಿ, ಅಳತಿಯೊಳಗಷ್ಟ ಫರಕು." ಆ ಜಾತಿಯ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿಗೆ ಬಂದಿದೆ, 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೂ ಸೇರಿತು. ಆದ್ದರಿಂದ ಹಿಡಿದದ್ದನ್ನು ಬಿಡುವುದೇ ಧರ್ಮ ಎಂದು ಉಪದೇಶಿಸುತ್ತ ಕಾಕಾ ತಮ್ಮ ಮೀನುಗಳನ್ನು ನದಿಗೆ ಬಿಟ್ಟರು. ಮನೆಗೆ ಒಯ್ದಿದ್ದರೆ ಮೀನಿನ ಜೊತೆ ಅವರನ್ನೂ ಹೊರಗೆ ಇಡುತ್ತಿದ್ದರು, ಆ ಮಾತು ಬೇರೆ.

ಬಹುಮಾನ ಖಾನಾಪುರದ ಕುಂಬಾರರ ಕೈಯ ಮಣ್ಣಿನ ಹೂಜಿ. ಸುಬೇದಾರರು ಸಲ್ಯೂಟ್ ಹೊಡೆದು ತೆಗೆದುಕೊಂಡರು. ಏಡಿಯ ವಿಷಯ ಮುಂದಿನ ಸಭೆಗೆ ಮುಂದೂಡಿದೆ. ಅದರ ತೀರ್ಪು ಬರುವವರೆಗೆ ಬರುವುದಿಲ್ಲ ಎಂದು ಸಾಹುಕಾರರು ರಾಜೀನಾಮೆ ಬರೆದುಕೊಟ್ಟಿದ್ದಾರೆ, ಎರಡು ಪ್ರತಿಯಲ್ಲಿ. ಕಾಕಾ ಒಂದು ಕಾಗುಣಿತದ ತಪ್ಪು ತೋರಿಸಿ ವಾಪಸು ಕಳಿಸಿದ್ದರಿಂದ ಅದು ಇನ್ನೂ ಅಂಗೀಕಾರವಾಗಿಲ್ಲ. ಅಂಗೀಕಾರವಾದರೆ ಒಂದು ಜಾಗ ಖಾಲಿಯಾಗುತ್ತದೆ. ಓದುಗರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಅರ್ಜಿ ಹಾಕಬಹುದು. ಗಾಳ ಹಾಕಲು ಬರಬೇಕೆಂದೇನಿಲ್ಲ, ಸ್ವಂತ ಸ್ಟೂಲು ಇರಬೇಕು. ಏಡಿಯ ಬಗ್ಗೆ ನಿಮ್ಮ ನಿಲುವು ಏನೆಂದು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯತಕ್ಕದ್ದು.