ಹಳೇದಾ, ಹೊಸದಾ, ಲಾಸ್ಟ್ ಎಷ್ಟು?

ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನಡಿ ನಿಂತಿರುವ ದರ್ಪಣ ಸುಂದರಿ ಎಂಬ ಮದನಿಕೆ ಯಾರಿಗೂ ಸಂದರ್ಶನ ಕೊಡುವುದಿಲ್ಲ. ಒಂಬತ್ತು ಶತಮಾನದಿಂದ ಅವಳಿಗೆ ಕನ್ನಡಿಯಿಂದ ಕಣ್ಣು ತೆಗೆಯಲು ಪುರುಸೊತ್ತಾಗಿಲ್ಲ. ನಮಗೆ ಸಿಕ್ಕವಳು ಅವಳ ಒಂದಡಿ ಎತ್ತರದ ಪ್ರತಿ. ಹಳೇಬೀಡಿನ ಕೆತ್ತನೆ ಶೆಡ್ಡೊಂದರಲ್ಲಿ ಬಳಪದ ಕಲ್ಲಿನಿಂದ ಹುಟ್ಟಿದವಳು, ಅರಸೀಕೆರೆಯ ಆನ್‌ಲೈನ್ ವ್ಯಾಪಾರಿಯೊಬ್ಬರ ಶೋಕೇಸಿನಲ್ಲಿ ವಾಸ. ಗಿರಾಕಿಯ ಮನೆ ಸೇರಿದ್ದವಳು ಮೊನ್ನೆ ಕೊರಿಯರ್‌ನಲ್ಲಿ ವಾಪಸಾದಳೆಂಬ ಸುದ್ದಿ ತಿಳಿದು ಮಾತಾಡಿಸಲು ಹೋದೆವು.

ನಾವು: ಪ್ರಯಾಣ ಹೇಗಿತ್ತಮ್ಮ?

ಸುಂದರಿ: ಡಬ್ಬದ ಮೇಲೆ 'ಜಾಗ್ರತೆ, ಒಡೆಯುವ ವಸ್ತು' ಅಂತ ಕೆಂಪು ಚೀಟಿ ಅಂಟಿಸಿದ್ರು. ಅದನ್ನ ಓದಿದ ಮೇಲೇ ಎತ್ತಿ ಎಸೀತಾರೆ ಅಂತ ಕಾಣತ್ತೆ. ಪುಣ್ಯಕ್ಕೆ ನಮ್ಮ ಯಜಮಾನರು ಸುತ್ತ ತೆಂಗಿನ ನಾರು ಗಿಡಿದಿದ್ರು. ಅರಸೀಕೆರೆಯಲ್ಲಿ ನಾರಿಗೇನು ಬರ? ನನ್ನ ಒಂದು ಉಗುರೂ ಮುಕ್ಕಾಗಲಿಲ್ಲ. ಆದರೂ ಬಂದಿದ್ದು ಒಂದೇ ಸ್ಟಾರು. 'ಡಬ್ಬದ ತುಂಬ ಕಸ ಕಳಿಸಿದ್ದಾರೆ' ಅಂತ ಬರೆದಿದ್ರು.

ನಾವು: ವಾಪಸ್ ಕಳಿಸಿದ್ದು ನಾರಿನ ದೆಸೆಯಿಂದಲೇ?

ಸುಂದರಿ: ಅಲ್ಲ. 'ಫೋಟೋದಲ್ಲಿ ದೊಡ್ಡದಾಗಿ ಕಾಣ್ತಿತ್ತು' ಅಂತ. ಅಳತೆ ಬರೆದಿತ್ತು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಚಿತ್ರವೂ ಇತ್ತು. ಅಸಲಿಗೆ ಅವರ ಮನೆಯಲ್ಲಿ ಗೃಹಪ್ರವೇಶ. ಬಂದವರೆಲ್ಲ ನನ್ನ ಪಕ್ಕ ನಿಂತು ಸೆಲ್ಫಿ ತಗೊಂಡ್ರು, ನೆಂಟರು ಹೋದ್ರು, ಶಾಮಿಯಾನ ಬಿಚ್ಚಿದ್ರು. ರಿಟರ್ನ್ ಗಡುವಿಗೆ ಒಂದು ದಿನ ಬಾಕಿ ಇದ್ದಾಗ ನಾನು ಇದ್ದಕ್ಕಿದ್ದಂತೆ ಚಿಕ್ಕವಳಾದೆ.

ನಾವು: ಗಿರಾಕಿಗಳು ಮಾತು ಶುರು ಮಾಡೋದು ಹೇಗೆ?

ಸುಂದರಿ: 'ಇದೆಯಾ?' ಅಂತಾರೆ. ಇದೆ ಅಂದ ಕೂಡಲೇ 'ಲಾಸ್ಟ್ ಎಷ್ಟು?'. ಚಿತ್ರದ ಕೆಳಗೇ ನಾಲ್ಕೂವರೆ ಸಾವಿರ ಅಂತ ಬರೆದಿದೆ. 'ಎಂಟುನೂರಕ್ಕೆ ಬಿಡಿ' ಅಂತಾರೆ. ಆಗಲ್ಲ ಅಂದರೆ, 'ನಮ್ಮ ಭಾವಮೈದ ಬೇಲೂರಲ್ಲೇ ಇದಾನೆ, ಅವನ ಕೈಲಿ ತರಿಸ್ಕೋತೀನಿ'. ಕರ್ನಾಟಕದ ಅರ್ಧ ಜನರ ಭಾವಮೈದುನರು ಬೇಲೂರಲ್ಲೇ ಇದ್ದಾರೆ ಸ್ವಾಮಿ. ಅವರಲ್ಲಿ ಒಬ್ಬರೂ ಇದುವರೆಗೆ ಅಂಗಡಿಗೆ ಬಂದಿದ್ದು ಕಾಣೆ. ಇದೇ ಊರಿನ ಎಪಿಎಂಸಿಗೆ ಹೋಗಿ ನೋಡಿ. ಉಂಡೆ ಕೊಬ್ಬರಿ ಕೊಳ್ಳುವವರು ಕೈಗೆತ್ತಿಕೊಂಡು ಅಲ್ಲಾಡಿಸಿ, ಒಡೆದು ನೋಡಿ, ರೇಟು ಹಾಕಿ ಎತ್ತಿಕೊಂಡು ಹೋಗ್ತಾರೆ. ನಮ್ಮ ಗಿರಾಕಿಗಳು ಕೊಬ್ಬರಿಯನ್ನ ಬಿಟ್ಟು ಕೊಬ್ಬರಿ ಮಾರುವವನನ್ನ ಅಲ್ಲಾಡಿಸ್ತಾರೆ.

ನಾವು: ನಿಮ್ಮ ವಯಸ್ಸು ಕೇಳುವವರೂ ಇದ್ದಾರಂತೆ?

ಸುಂದರಿ: ಅದೇ ದೊಡ್ಡ ಗೋಳು. 'ಒರಿಜಿನಲ್ ಹೊಯ್ಸಳರದ್ದಾ?' ಅಂತಾರೆ. ಹೌದು ಅಂದರೆ ಯಜಮಾನರು ಪೊಲೀಸ್ ಠಾಣೆಯಲ್ಲಿ ಕೂರಬೇಕು. 1972ರ ಕಾಯ್ದೆ ಪ್ರಕಾರ ನೂರು ವರ್ಷ ತುಂಬಿದ ಶಿಲ್ಪ ಪ್ರಾಚ್ಯವಸ್ತು. ಅದು ನೋಂದಣಿ ಆಗಿರಬೇಕು, ಅಂಥದ್ದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಿಂದಾಚೆ ಸಾಗಿಸೋ ಹಾಗೇ ಇಲ್ಲ. ಸರಿ, ಹೋದ ಶ್ರಾವಣದಲ್ಲಿ ಕೆತ್ತಿದ್ದು ಅಂತ ನಿಜ ಹೇಳಿದರೆ 'ಓ, ಡೂಪ್ಲಿಕೇಟಾ' ಅಂತ ಮೂಗು ಮುರೀತಾರೆ. ಹಳಬಳಾದರೆ ಅಪರಾಧ, ಹೊಸಬಳಾದರೆ ಅವಮಾನ.

ನಾವು: ಮೂಗು ಮುರಿಯೋದು ಅಂದಿರಿ...

ಸುಂದರಿ: ಅವರದ್ದಲ್ಲ, ನನ್ನದನ್ನೇ ಮುರೀರಿ ಅಂದವರೂ ಇದ್ದಾರೆ! 'ಮೂಗು ಚೂರು ಮುಕ್ಕು ಮಾಡಿ, ಒಂದು ಕೈ ತೆಗೆದು ಕಳಿಸಿ, ಆಂಟಿಕ್ ಲುಕ್ ಬರತ್ತೆ, ಬೇಕಾದ್ರೆ ಐನೂರು ಜಾಸ್ತಿ ತಗೊಳ್ಳಿ.' ನಾನು ಹಳೇಬೀಡಿನವಳು. ಆಗ ದೋರಸಮುದ್ರ ಅಂತಿದ್ದ ನಮ್ಮೂರು ಹಾಳುಬೀಳೋಕೆ 1311ರಲ್ಲಿ ಮಲಿಕ್ ಕಾಫರ್, ಆಮೇಲೆ ತುಘಲಕ್ ದಂಡು, ಅಷ್ಟು ದೂರದ ದೆಹಲಿಯಿಂದ ನಡೆದು ಬರಬೇಕಾಯ್ತು. ಈಗ ಫೋನ್‌ಪೇ ಸಾಕು.

ನಾವು: ವಿದೇಶದ ಗಿರಾಕಿಗಳು ಹೇಗೆ?

ಸುಂದರಿ: ನ್ಯೂಜೆರ್ಸಿಯ ಕನ್ನಡಿಗರೊಬ್ಬರು ಕೇಳಿದ್ರು. ಮನೆಗೆ ಬಂದವರ ಮುಂದೆ ನನಗೆ ಎಂಟುನೂರು ವರ್ಷ, ಕಸ್ಟಮ್ಸ್‌ನವರ ಮುಂದೆ ಎಂಟು ತಿಂಗಳು. ಹೊರದೇಶಕ್ಕೆ ಶಿಲ್ಪ ಕಳಿಸುವಾಗ ತಕರಾರು ಬಾರದಿರಲಿ ಅಂತ 'ಇದು ಪ್ರಾಚ್ಯವಸ್ತುವಲ್ಲ' ಅನ್ನೋ ಪ್ರಮಾಣಪತ್ರವನ್ನ ಪುರಾತತ್ವ ಇಲಾಖೆಯಿಂದ ಮಾಡಿಸ್ತಾರೆ. 'ಖಂಡಿತ ಮಾಡಿಸಿ, ಆದರೆ ಡಬ್ಬದೊಳಗೆ ಇಡಬೇಡಿ, ನಮ್ಮನೆಯವಳು ಓದ್ತಾಳೆ' ಅಂದ್ರು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದವಲ್ಲ, ಆಮೇಲಿಂದ ಇನ್ನೊಂದು ಶುರುವಾಗಿದೆ: 'ಯುನೆಸ್ಕೋ ಸರ್ಟಿಫಿಕೇಟ್ ಇದ್ದರೆ ವಾಟ್ಸಾಪ್ ಮಾಡಿ.'

ನಾವು: ಪಕ್ಕದಲ್ಲಿ ಈ ಗಾಜಿನ ಡಬ್ಬಿಯಲ್ಲಿ ಕೂತವರು ಯಾರು?

ಸುಂದರಿ: ಘೇಂಡಾಮೃಗದ ಇಪ್ಪತ್ತೈದು ಪೈಸೆ. ಸ್ವಲ್ಪ ಮೆಲ್ಲಗೆ ಮಾತಾಡಿ, ತಾನು ಲಕ್ಷಾಧಿಪತಿ ಅಂತ ನಂಬಿಕೊಂಡಿದ್ದಾನೆ. 2011ರ ಜೂನ್ ಕೊನೆಗೇ ಚಲಾವಣೆಯಿಂದ ಹೋದವನು. ಅವನಿಗೆ ಬರುವ ಗಿರಾಕಿಗಳು ಚೌಕಾಸಿಯನ್ನೇ ಮಾಡಲ್ಲ. 'ಹದಿನೈದು ಲಕ್ಷ ಕೊಡ್ತೀವಿ, ಮೊದಲು ನೋಂದಣಿ ಶುಲ್ಕ ಎರಡು ಸಾವಿರ ಹಾಕಿ' ಅಂತಾರೆ, ಜೊತೆಗೆ ರಿಸರ್ವ್ ಬ್ಯಾಂಕಿನ ಮುದ್ರೆ ಇರೋ ಪತ್ರ ಕಳಿಸ್ತಾರೆ. ಹಳೆ ನಾಣ್ಯ, ನೋಟಿನ ವ್ಯಾಪಾರಕ್ಕೆ ತಾನು ಕಮಿಷನ್ ಕೇಳೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ನನಗೂ ಒಬ್ಬ 'ಸೈನ್ಯದ ಅಧಿಕಾರಿ' ಗಂಟುಬಿದ್ದಿದ್ದ. ದುಡ್ಡು ಬರತ್ತೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ಯಜಮಾನರ ಹತ್ತನೇ ಕ್ಲಾಸಿನ ಮಗಳು ಫೋನ್ ಕಿತ್ತುಕೊಂಡು, 'ಅಪ್ಪಾ, ಪಿನ್ ಹಾಕೋದು ದುಡ್ಡು ಕೊಡೋಕೆ, ತಗೊಳ್ಳೋಕಲ್ಲ' ಅಂದಳು. ನಾನು ಮಾರಾಟವಾದ ಮೇಲೂ ಅವಳು ಸುಖವಾಗಿರಲಿ.

ನಾವು: ಗಿರಾಕಿಯ ದೂರು ಒಮ್ಮೊಮ್ಮೆ ನಿಜವೂ ಇರುತ್ತದಲ್ಲ?

ಸುಂದರಿ: ಇರತ್ತೆ, ಯಾಕಿರಬಾರದು? ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯ ಕೇಳಿದ್ದೀರಲ್ಲ. ಜಕಣಾಚಾರಿಯಂಥವನ ವಿಗ್ರಹಕ್ಕೇ ಹುಡುಗ ಡಂಕಣ 'ಕಲ್ಲಲ್ಲಿ ದೋಷ ಇದೆ' ಅಂದ. ಸುಮ್ಮನೆ ಅಂದು ಹೋಗಲಿಲ್ಲ. ಮೈಗೆಲ್ಲ ಗಂಧ ಬಳಿದ, ಹೊಕ್ಕುಳಲ್ಲಿ ಮಾತ್ರ ಒಣಗಲಿಲ್ಲ, ಉಳಿ ಇಟ್ಟರೆ ಒಳಗಿಂದ ನೀರಿನ ಜೊತೆ ಕಪ್ಪೆ ಬಂತು. ಅದು ದೂರು! ನಮ್ಮ ಗಿರಾಕಿಗಳು ಮಸುಕು ಮಸುಕಾದ ಫೋಟೋ ಕಳಿಸಿ 'ಕುತ್ತಿಗೆ ಹತ್ತಿರ ಬಿರುಕು' ಅಂತಾರೆ. ದೊಡ್ಡದು ಮಾಡಿ ನೋಡಿದರೆ ಅದು ನನ್ನ ಕಂಠೀಹಾರ. ದೋಷ ತೋರಿಸಿದರೆ ಕೈ ಕತ್ತರಿಸಿಕೊಳ್ತೀನಿ ಅಂದಿದ್ದ ಜಕಣಾಚಾರಿ ಮಾತಿಗೆ ತಪ್ಪದೆ ತನ್ನ ಬಲಗೈ ಕತ್ತರಿಸಿಕೊಂಡನಂತೆ. ಈಗಿನವರು ಅದಕ್ಕೂ 'ರೀಫಂಡ್ ಸೇರಿಸಿ ತಾನೇ?' ಅಂತ ಕೇಳಿಯಾರು. ಅದಕ್ಕೇ ಯಜಮಾನರು ಪ್ಯಾಕ್ ಮಾಡೋದನ್ನ ವಿಡಿಯೋ ತೆಗೀತಾರೆ, ಡಬ್ಬ ಬಿಚ್ಚೋದನ್ನ ನೀವೂ ತೆಗೀರಿ ಅಂತ ಮೊದಲೇ ಹೇಳ್ತಾರೆ.

ನಾವು: ತಪ್ಪೆಲ್ಲ ಗಿರಾಕಿಯದೇ, ನಿಮ್ಮ ಯಜಮಾನರದು ಏನೂ ಇಲ್ಲ ಅನ್ನಿ.

ಸುಂದರಿ: ಹಾಗಂದರೆ ಕನ್ನಡಿ ಹಿಡಿದ ಕೈಗೆ ಅವಮಾನ. ಕಪ್ಪಾಗಿ ಕಾಣಲಿ ಅಂತ ನನ್ನ ಮೈಗೆ ಎಣ್ಣೆ ತಿಕ್ಕಿ ಫೋಟೋ ತೆಗೆಸಿದ್ದು ಯಾರು? 'ಹೊಯ್ಸಳ ಶೈಲಿ' ಅಂತ ಬರೆದಿದ್ದಾರೆ ನೋಡಿ, ಹೊಯ್ಸಳ ಅನ್ನೋದು ಬೆರಳಷ್ಟು ದಪ್ಪ, ಶೈಲಿ ಅನ್ನೋದು ಸಾಸಿವೆಯಷ್ಟು. ಕಾಯ್ದೆಗೂ ತೊಂದರೆ ಇಲ್ಲ, ಆಸೆಗೂ ತೊಂದರೆ ಇಲ್ಲ. ವ್ಯಾಪಾರ ನಡೆಯೋದು ಆ ಎರಡು ಪದಗಳ ನಡುವಿನ ಸಂದಿಯಲ್ಲೇ.

ನಾವು: ಹಾಗಾದರೆ ಗಿರಾಕಿ ಏನು ಕೇಳಬೇಕು ಅಂತೀರಿ?

ಸುಂದರಿ: ಬೇಲೂರಿಗೆ ಹೋದಾಗ ಮದನಿಕೆಯರ ಮುಖ ನೋಡಿದ ಮೇಲೆ ಕಾಲಬುಡವನ್ನೂ ನೋಡಿ. ಕೆತ್ತಿದವರು ಅಲ್ಲಿ ಹೆಸರು ಹಾಕಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬರೀ ಹೆಸರಲ್ಲ, ಎದುರಾಳಿ ಶಿಲ್ಪಿಗಳಿಗೆ ಸವಾಲು ಹಾಕೋ ಬಿರುದುಗಳೂ ಇವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಷ್ಟು ವಿಗ್ರಹಕ್ಕೆ ರುಜು ಹಾಕಿದ್ದಾನೆ! ಧಣಿಗಳು ಕೊಟ್ಟ ದುಡ್ಡಿಗೆ ಕೆತ್ತಿದರೂ ಕೈ ಯಾರದು ಅಂತ ಬರೆದೇ ಹೋದರು. ನನ್ನನ್ನ ನೋಡಿದವರು ಕಲ್ಲು ಯಾವ ಕಾಲದ್ದು ಕೇಳಿದ್ರು, ತೂಕ ಎಷ್ಟು ಕೇಳಿದ್ರು, ಕೊರಿಯರ್ ಚಾರ್ಜು ಯಾರದು ಅಂತ ಕೇಳಿದ್ರು. ಉಳಿ ಹಿಡಿದವನು ಯಾರು ಅಂತ ಒಬ್ಬರೂ ಕೇಳಲಿಲ್ಲ. ಹೆಸರು ಇದ್ದರೆ ಹೊಸದು ಅಂತ ಗೊತ್ತಾಗಿಬಿಡತ್ತೆ, ಉಜ್ಜಿ ತೆಗೀರಿ ಅಂದವರು ಇದ್ದಾರೆ.

ನಾವು: ಸರಿ, ನಾವೇ ಕೇಳ್ತೀವಿ. ನಿಮ್ಮನ್ನು ಕೆತ್ತಿದವರು ಯಾರಮ್ಮ?

ಸುಂದರಿ: ಪೀಠ ಮಗುಚಿ ನೋಡಿ, ಅಡಿಯಲ್ಲೇ ಕೊರೆದಿದ್ದಾರೆ. ಅದರ ಮೇಲೇ ಬಾರ್‌ಕೋಡ್ ಅಂಟಿಸಿದ್ದಾರೆ. ಅಯ್ಯೋ, ಉಗುರು ಹಾಕಬೇಡಿ ಸ್ವಾಮಿ! ಸ್ಟಿಕ್ಕರ್ ಕಿತ್ತ ಮಾಲು ರಿಟರ್ನ್ ತಗೊಳ್ಳಲ್ಲ.