ಮೂರನೇ ಸೆಮಿಸ್ಟರಿಗೆ ಬಂದಿಳಿಯುವವರಿಗೆ ಹಾಸ್ಟೆಲ್ ಕೈಪಿಡಿ

ಅಭಿನಂದನೆಗಳು. ಪಾಲಿಟೆಕ್ನಿಕ್ ಮುಗಿಸಿ, ಡಿಸಿಇಟಿ ಬರೆದು, ಕೆಇಎ ಕೌನ್ಸೆಲಿಂಗಿನಲ್ಲಿ ಸೀಟು ಗಿಟ್ಟಿಸಿ, ಗದಗ ಕಡೆಯ ಊರಿನಿಂದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಎರಡನೇ ವರ್ಷಕ್ಕೆ ನೇರವಾಗಿ ಕಾಲಿಡುತ್ತಿದ್ದೀರಿ. ಕಾಗದದಲ್ಲಿ ನೀವು ಲ್ಯಾಟರಲ್ ಎಂಟ್ರಿ, ಹಾಸ್ಟೆಲಿನಲ್ಲಿ ‘ಡಿಪ್ಲೊಮಾದವನು’. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದದೆಯೂ ಬಳಸಬಹುದು, ಎಲ್ಲರೂ ಮಾಡುವುದು ಅದನ್ನೇ.

ಮಾದರಿಯ ವಿವರ

ಎಸ್ಸೆಸ್ಸೆಲ್ಸಿ ಆದಮೇಲೆ ನೀವು ಮೂರು ವರ್ಷ ಡಿಪ್ಲೊಮಾ ಓದಿದಿರಿ. ನಿಮ್ಮ ರೂಮಿನವರು ಎರಡು ವರ್ಷ ಪಿಯುಸಿ, ಒಂದು ವರ್ಷ ಬಿ.ಇ. ಓದಿದರು. ಲೆಕ್ಕ ಸರಿಹೋಯಿತು, ವಯಸ್ಸೂ ಒಂದೇ. ತೊಡಕಿರುವುದು ಆ ಕೊನೆಯ ಒಂದು ವರ್ಷದಲ್ಲಿ. ಅದನ್ನು ಅವರು ಇದೇ ಕಟ್ಟಡದಲ್ಲಿ ಕಳೆದಿದ್ದಾರೆ. ಯಾರ ಚಪ್ಪಲಿಯನ್ನು ಯಾರು ಹಾಕಿಕೊಂಡು ಹೋಗಬಹುದು, ಯಾರಿಗೆ ಸಾಲ ಕೊಟ್ಟರೆ ವಾಪಸ್ ಬರುವುದಿಲ್ಲ, ಭಾನುವಾರದ ಪೂರಿ ಎಷ್ಟು ಗಂಟೆಗೆ ಖಾಲಿಯಾಗುತ್ತದೆ ಎಂಬುದೆಲ್ಲ ನೀವು ಬರುವ ಮೊದಲೇ ಇತ್ಯರ್ಥವಾಗಿದೆ.

ನಿಮ್ಮ ನಂಬರೂ ಬೇರೆ. ವಿಟಿಯು ಕೊಡುವ ಯುಎಸ್‌ಎನ್‌ನ ಕೊನೆಯ ಮೂರು ಅಂಕಿ ಅವರಿಗೆ 001ರಿಂದ ಶುರು, ನಿಮಗೆ 400ರಿಂದ. ನಡುವೆ ಬರುವ ವರ್ಷದ ಅಂಕಿಯೂ ಅವರದಕ್ಕಿಂತ ಒಂದು ಹೆಚ್ಚು. ಹಾಜರಿ ಕರೆಯುವಾಗ ಇಡೀ ಕ್ಲಾಸು ಮುಗಿದು, ಮೇಷ್ಟ್ರು ಪುಸ್ತಕ ಮುಚ್ಚುವ ಹೊತ್ತಿಗೆ ನಿಮ್ಮ ಸರದಿ ಬರುತ್ತದೆ. ‘ಎಸ್ ಸರ್’ ಎನ್ನುವುದನ್ನು ಸ್ವಲ್ಪ ಜೋರಾಗಿಯೇ ಹೇಳಿ.

ಪೆಟ್ಟಿಗೆಯಲ್ಲಿ ಇರಬೇಕಾದವು

ಟ್ರಂಕಿನ ತಳಕ್ಕೆ ಕಾಗದಪತ್ರ. ಟಿ.ಸಿ., ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಪ್ಲೊಮಾದ ಆರೂ ಸೆಮಿಸ್ಟರಿನ ಅಂಕಪಟ್ಟಿ, ಬಿಇಒ ಮೇಲುಸಹಿ ಹಾಕಿದ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯಿಂದ ತಂದ ಜಾತಿ-ಆದಾಯ ಪ್ರಮಾಣಪತ್ರ. ಅದರ ಮೇಲಿನ ಆರ್‌ಡಿ ನಂಬರನ್ನು ಬಾಯಿಪಾಠ ಮಾಡಿಕೊಳ್ಳಿ. ಸ್ಕಾಲರ್‌ಶಿಪ್ ಅರ್ಜಿಗೂ ಸರ್ಕಾರಿ ಹಾಸ್ಟೆಲಿನ ಅರ್ಜಿಗೂ ನಿಮ್ಮ ಹೆಸರಿಗಿಂತ ಮೊದಲು ಬೇಕಾಗುವುದು ಅದು. ಜೆರಾಕ್ಸ್ ಎಷ್ಟು ಸೆಟ್ ಬೇಕು ಎಂದು ಕೇಳಬೇಡಿ, ನೀವು ಒಯ್ದದ್ದಕ್ಕಿಂತ ಒಂದು ಸೆಟ್ ಹೆಚ್ಚು ಕೇಳುತ್ತಾರೆ. ನೀವು ಹಿಂದುಳಿದ ವರ್ಗದವರಾಗಿದ್ದು ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ ವಿದ್ಯಾಸಿರಿಗೆ ಅರ್ಜಿ ಹಾಕಿ. ಊಟ-ವಸತಿಗೆಂದು ತಿಂಗಳಿಗಿಷ್ಟು ಎಂದು 10 ತಿಂಗಳು ಹಣ ಕೊಡುವ ಯೋಜನೆ ಅದು. ಬೆಂಗಳೂರಿನ ಪಿ.ಜಿ. ಬಾಡಿಗೆಯನ್ನು ಅದರಲ್ಲಿ ತೂಗಿಸುವ ವಿಧಾನ ಯಾವ ಸಿಲಬಸ್ಸಿನಲ್ಲೂ ಇಲ್ಲ.

ಕಾಗದದ ಮೇಲೆ ಕೌದಿ. ‘ಬೆಂಗಳೂರಾಗ ರಗ್ಗು ಸಿಗ್ತಾವ ಬಿಡವ್ವಾ’ ಎಂದು ವಾದಿಸಬೇಡಿ, ಗೆಲ್ಲುವುದಿಲ್ಲ. ಬಕೆಟ್ಟು, ಮಗ್ಗು ಅಲ್ಲೇ ಕೊಳ್ಳಿ, ಆದರೆ ಕೊಂಡ ದಿನವೇ ಪೇಂಟಿನಲ್ಲಿ ಹೆಸರು ಬರೆಯಿರಿ. ಹೆಸರಿಲ್ಲದ ಬಕೆಟ್ಟು ಹಾಸ್ಟೆಲಿನಲ್ಲಿ ಸಾರ್ವಜನಿಕ ಆಸ್ತಿ.

ಇನ್ನು ತಿನಿಸು. ಕಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಇರುತ್ತದೆ ಎನ್ನುವುದು ನಿಜ, ಆದರೆ ಆ ನಿಜ ಪರೀಕ್ಷೆಗೊಳಗಾಗುವ ಸಂದರ್ಭ ಹಾಸ್ಟೆಲಿನಲ್ಲಿ ಬರುವುದಿಲ್ಲ. ಶೇಂಗಾ ಚಟ್ನಿಪುಡಿಯ ಡಬ್ಬಿಗಳು ಎರಡಿರಲಿ. ಒಂದನ್ನು ಮೊದಲ ರಾತ್ರಿಯೇ ಎಲ್ಲರ ಮುಂದೆ ತೆರೆಯಿರಿ. ಇನ್ನೊಂದು ಅಂಕಪಟ್ಟಿಗಳ ಕೆಳಗೆ ಇರಲಿ, ಅಲ್ಲಿಗೆ ಯಾರೂ ಕೈಹಾಕುವುದಿಲ್ಲ.

ಹೀಗೆ ತುಂಬುತ್ತಾ ಹೋದರೆ ಮುಚ್ಚಳ ಕೂರುವುದಿಲ್ಲ. ಆಗ ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಓದಲಿಕ್ಕೆಂದು ಗೌರಿಬಿದನೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದವರು ಅವರು. ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು, ದಶಕಗಟ್ಟಲೆ ಬದುಕಿದ್ದು ಮಾತ್ರ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ನೆನೆದ ಮೇಲೆ ಎರಡನೇ ಜೊತೆ ಶೂ ತೆಗೆದಿಡಿ.

ಸಾಗಣೆ

ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಒಬ್ಬರಿಗೆ 30 ಕೆ.ಜಿ. ತನಕ ಲಗೇಜು ಉಚಿತ. ಅವ್ವ ಜೊತೆಗೆ ಬಂದರೆ ಆಕೆಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು. ಆದರೆ ಕೆಂಪು ಬಸ್ಸೇ ಆಗಬೇಕು, ಸ್ಲೀಪರಿನಲ್ಲಿ ನಡೆಯುವುದಿಲ್ಲ. ಅಪ್ಪನೂ ಬರುತ್ತಾರೆ. ಅವರು ವಾರ್ಡನ್ ಮುಂದೆ ನಿಂತು, ‘ನಮ್ಮ ಹುಡುಗ ಭಾಳ ಶಾಂತ ಅದಾನ್ರಿ ಸರ್, ಸ್ವಲ್ಪ ನೋಡ್ಕೋರಿ’ ಎನ್ನುತ್ತಾರೆ. ವಾರ್ಡನ್ ತಲೆ ಎತ್ತದೆ, ‘ಫೀಸ್ ರಸೀದಿ ತೋರ್ಸಿ’ ಎನ್ನುತ್ತಾರೆ. ಇಬ್ಬರೂ ತಂತಮ್ಮ ಕರ್ತವ್ಯ ಮಾಡುತ್ತಿದ್ದಾರೆ. ನೀವು ನಡುವೆ ಬಾಯಿ ಹಾಕಬೇಡಿ.

ಅಳವಡಿಕೆ

ಕೌನ್ಸೆಲಿಂಗ್ ಮುಗಿದು ನೀವು ಬರುವಷ್ಟರಲ್ಲಿ ಮೂರನೇ ಸೆಮಿಸ್ಟರಿನ ಪಾಠ ಶುರುವಾಗಿರುವುದೇ ಹೆಚ್ಚು. ಕಿಟಕಿ ಪಕ್ಕದ ಮಂಚ ಹೋಗಿದೆ, ಫ್ಯಾನಿನ ಕೆಳಗಿನದೂ ಹೋಗಿದೆ. ಉಳಿದಿರುವುದು ಬಾಗಿಲ ಹಿಂದಿನದು. ಯಾರು ಒಳಗೆ ಬಂದರೂ ಬಾಗಿಲು ಮಂಚದ ಕಾಲಿಗೆ ಬಡಿಯುತ್ತದೆ. ಅದರ ಮೇಲೆ ವರ್ಷದಿಂದ ಇತರರ ಬ್ಯಾಗು, ಒಗೆಯದ ಬಟ್ಟೆ, ತಂತಿ ಹರಿದ ಗಿಟಾರು ವಾಸ ಮಾಡಿಕೊಂಡಿವೆ. ‘ಇದನ್ನೆಲ್ಲ ತೆಗೀರಿ’ ಎನ್ನಬೇಡಿ, ‘ಇದನ್ನ ಎಲ್ಲಿ ಇಡ್ಲಿ?’ ಎಂದು ಕೇಳಿ. ಕೇಳಿದವನಿಗೆ ಜಾಗ ತೋರಿಸುವ ಸಂಕೋಚಕ್ಕೆ ಅವರೇ ಎದ್ದು ಎತ್ತಿಕೊಳ್ಳುತ್ತಾರೆ.

ಮಂಚ ಆಯಿತು. ನಿಜವಾದ ಕೊರತೆ ಪ್ಲಗ್ಗಿನದು. ಗೋಡೆಯಲ್ಲಿರುವುದೇ ಎರಡು ಸಾಕೆಟ್ಟು, ಎರಡಕ್ಕೂ ಹಳೆಯ ವಾರಸುದಾರರಿದ್ದಾರೆ. ನಿಮ್ಮ ಮೂರು ವರ್ಷದ ಡಿಪ್ಲೊಮಾ ಹೊರಗೆ ಬರಬೇಕಾದ ಘಳಿಗೆ ಇದೇ. ಎಸ್.ಪಿ. ರಸ್ತೆಗೆ ಹೋಗಿ ಒಂದು ಬೋರ್ಡು, ಐದು ಸಾಕೆಟ್ಟು, ಸ್ವಿಚ್ಚು, ಇಂಡಿಕೇಟರು, ಫ್ಯೂಸು, ತ್ರಿಪಿನ್ ಪ್ಲಗ್ಗು, ಮೂರು ಕೋರಿನ ಒಳ್ಳೆಯ ವೈರು ತನ್ನಿ. ರೂಮಿನ ನಡುವೆ ನೆಲದ ಮೇಲೆ ಕೂತು ಜೋಡಿಸಿ. ವೈರಿನ ತುದಿಯ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲಿ ಕಚ್ಚಿ ಎಳೆಯದೆ ಸ್ಟ್ರಿಪ್ಪರಿನಲ್ಲಿ ಸುಲಿಯಿರಿ, ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ, ಹಸಿರು ವೈರನ್ನು ಅರ್ಥಿಗೇ ಕೊಡಿ, ಸ್ಕ್ರೂ ತಿರುಗಿಸಿದ ಮೇಲೆ ಒಮ್ಮೆ ಎಳೆದು ನೋಡಿ. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೀರೋ ನಿಮಗೇ ಲೆಕ್ಕವಿಲ್ಲ. ಆದರೆ ಮಂಚದ ಮೇಲೆ ಕೂತು ನೋಡುತ್ತಿರುವ ಮೂವರು ಪಿಯುಸಿಯಲ್ಲಿ ಓಮ್‌ನ ನಿಯಮದ ಮೇಲೆ ಲೆಕ್ಕ ಬಿಡಿಸಿದ್ದಾರೆಯೇ ಹೊರತು ಟೆಸ್ಟರ್ ಹಿಡಿದವರಲ್ಲ. ಇಂಡಿಕೇಟರು ಕೆಂಪಗೆ ಹತ್ತಿದಾಗ ಅವರಲ್ಲೊಬ್ಬ ತನ್ನ ಚಾರ್ಜರನ್ನು ಗೋಡೆಯಿಂದ ಕಿತ್ತು ನಿಮ್ಮ ಬೋರ್ಡಿಗೆ ಸಿಕ್ಕಿಸುತ್ತಾನೆ. ಅಳವಡಿಕೆ ಮುಕ್ತಾಯ.

ಎಚ್ಚರಿಕೆ: ಈ ಖ್ಯಾತಿ ಕಾರಿಡಾರಿನಲ್ಲಿ ಹಬ್ಬುತ್ತದೆ. ಸುಟ್ಟ ಇಸ್ತ್ರಿಪೆಟ್ಟಿಗೆಗಳು ಬರಲಿ, ಬೇಡವೆನ್ನಬೇಡಿ. ನೀರು ಕಾಯಿಸುವ ಕಾಯಿಲ್ ಹಿಡಿದು ಬಂದವರನ್ನು ಮಾತ್ರ ವಾಪಸ್ ಕಳಿಸಿ. ವಾರ್ಡನ್‌ಗೆ ಸಿಕ್ಕಿಬಿದ್ದರೆ ಹೊರಬರುವ ಮೊದಲ ಹೆಸರು ನಿಮ್ಮದೇ.

ದೋಷ ಮತ್ತು ಪರಿಹಾರ

ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ‘ಇದು ನಿಮಗೆ ಫಸ್ಟ್ ಇಯರಿನಲ್ಲೇ ಆಗಿದೆ’ ಎನ್ನುತ್ತಾರೆ. ನಿಮಗೆ ಆಗಿಲ್ಲ. ಡಿಪ್ಲೊಮಾದವರಿಗೆಂದೇ ವಿಟಿಯು ಹೆಚ್ಚುವರಿ ಗಣಿತದ ಪೇಪರುಗಳನ್ನು ಇಟ್ಟದ್ದು ಈ ಕಾರಣಕ್ಕೆ. ಕ್ರೆಡಿಟ್ ಇಲ್ಲದ ಪೇಪರು ತಾನೇ ಎಂದು ಉದಾಸೀನ ಮಾಡಿದವರು ಕೊನೆಯ ವರ್ಷ ಅದನ್ನೇ ಹಿಡಿದುಕೊಂಡು ಅಳುತ್ತಾರೆ. ಪರಿಹಾರ ರೂಮಿನಲ್ಲೇ ಇದೆ. ನಿಮ್ಮ ಬೋರ್ಡಿನಲ್ಲಿ ಚಾರ್ಜ್ ಮಾಡಿಕೊಳ್ಳುವವನ ಹತ್ತಿರ ಮೊದಲ ವರ್ಷದ ನೋಟ್ಸ್ ಇದೆ, ರಾತ್ರಿ ಊಟವಾದ ಮೇಲೆ ಅವನಿಗೆ ಪುರುಸೊತ್ತೂ ಇದೆ. ಪಾರ್ಷಿಯಲ್ ಡಿಫರೆನ್ಸಿಯೇಷನ್ ಅವನಿಂದ, ಲ್ಯಾಬಿನ ಕನೆಕ್ಷನ್ ನಿಮ್ಮಿಂದ. ಇದರಲ್ಲಿ ಯಾರೂ ಯಾರ ಋಣದಲ್ಲೂ ಇಲ್ಲ. ‘ನಾನು ಡಿಪ್ಲೊಮಾ, ನನಗೆ ಮ್ಯಾಥ್ಸ್ ಬರಲ್ಲ’ ಎಂದು ಮೊದಲೇ ತಲೆ ತಗ್ಗಿಸುವ ಚಾಳಿಯನ್ನು ಊರಿನ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬನ್ನಿ.

ಸಮಾಧಾನಕ್ಕೊಂದು ಮಾತು: ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟು ಅವರಿಗೆ 100 ಬೇಕು, ನಿಮಗೆ 75 ಸಾಕು. ಒಂದು ವರ್ಷ ತಡವಾಗಿ ಬಂದದ್ದಕ್ಕೆ ವಿಶ್ವವಿದ್ಯಾಲಯ ಕೊಟ್ಟ ಡಿಸ್ಕೌಂಟು ಅದೊಂದೇ.

ಗ್ರಾಹಕ ಸೇವೆ

ನೀವು ಎರಡನೇ ವರ್ಷದವರು, ಆದರೆ ಕಟ್ಟಡಕ್ಕೆ ಹೊಸಬರು. ಹೀಗಾಗಿ ಮೂರನೇ ವರ್ಷದ ಯಾರಿಗಾದರೂ ನಿಮ್ಮನ್ನು ಜೂನಿಯರ್ ಎಂದು ಕರೆದು ಹಾಡಿಸುವ ಆಸೆ ಹುಟ್ಟಬಹುದು. ಯುಜಿಸಿಯ 2009ರ ನಿಯಮದ ಪ್ರಕಾರ ನೀವೂ ಅಪ್ಪನೂ ಸಹಿ ಹಾಕಿದ ಮುಚ್ಚಳಿಕೆ ಇದಕ್ಕೇ ಸಂಬಂಧಿಸಿದ್ದು, ಅದೇ ಮುಚ್ಚಳಿಕೆ ಅವರೂ ಬರೆದುಕೊಟ್ಟಿದ್ದಾರೆ. ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522. ಶುಲ್ಕವಿಲ್ಲ, ದಿನದ 24 ಗಂಟೆಯೂ ಇರುತ್ತದೆ. ಬಸ್ಸು ಹತ್ತುವ ಮೊದಲು ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಅವ್ವನ ಫೋನಿನಲ್ಲೂ ಮಾಡಿಕೊಡಿ. ಇದೊಂದು ಕಲಮು ತಮಾಷೆಗೆ ಬರೆದದ್ದಲ್ಲ.