ಎರಡೇ ಅಂಕಿಯಲ್ಲಿ ಕಳೆಯುವ ಲೆಕ್ಕ: ಬಳಕೆದಾರರ ಕೈಪಿಡಿ

ಮಾನ್ಯ ಗ್ರಾಹಕರೇ, ದ್ವಿಮಾನ ಪದ್ಧತಿಯನ್ನು ಮನೆಗೆ ತಂದದ್ದಕ್ಕೆ ಧನ್ಯವಾದ. ಪೆಟ್ಟಿಗೆ ತೆರೆದಾಗ ಒಳಗೆ ಒಂದು ಸೊನ್ನೆ, ಒಂದು ಒಂದು ಇರತಕ್ಕದ್ದು. ಎರಡು ಕಂಡರೆ ಮುಟ್ಟದೆ ಅಂಗಡಿಗೆ ವಾಪಸು ಮಾಡಿ. ಅದು ನಮ್ಮ ಮಾಲಲ್ಲ.

ಜೋಡಣೆ ಸುಲಭ. ಬಿಡಿ, ಹತ್ತು, ನೂರು ಎಂಬ ಹಳೆಯ ಸ್ಥಾನಗಳನ್ನು ಕಿತ್ತು ಪಕ್ಕಕ್ಕಿಡಿ. ಬಲದಿಂದ ಎಡಕ್ಕೆ ಒಂದು, ಎರಡು, ನಾಲ್ಕು, ಎಂಟು ಎಂದು ಹೊಸವನ್ನು ಕೂರಿಸಿ. 1101 ಎಂದರೆ ಎಂಟು, ನಾಲ್ಕು, ಒಂದು ಸೇರಿ ಹದಿಮೂರು. ಸಾವಿರದ ನೂರಾ ಒಂದು ಎಂದು ಓದಿದವರಿಗೆ ಗ್ಯಾರಂಟಿ ರದ್ದು. ಹೊಸ ಮಾಲೆಂದು ಹೆದರಬೇಡಿ. ಹೈಸ್ಕೂಲಿನಲ್ಲಿ ಲಘು ಗುರು ಹಾಕಿ ಗಣ ವಿಂಗಡಿಸಿದವರೆಲ್ಲ ಇದನ್ನು ಬಳಸಿದವರೇ. ಮೂರು ಅಕ್ಷರಕ್ಕೆ ಯ, ಮ, ತ, ರ, ಜ, ಭ, ನ, ಸ ಎಂದು ಎಂಟೇ ಗಣ. ಮೂರು ಸ್ಥಾನಕ್ಕೆ ಸೊನ್ನೆಯಿಂದ ಏಳರವರೆಗೆ ಎಂಟೇ ಸಂಖ್ಯೆ. ಲೈಬ್ನಿಟ್ಸ್ ಮಹಾಶಯರು ಈ ಗಣಿತದ ಮೇಲೆ ಪ್ರಬಂಧ ಬರೆದದ್ದು 1703ರಲ್ಲಿ. ನಮ್ಮ ಛಂದಸ್ಸಿನವರು ಅದಕ್ಕೂ ಶತಮಾನಗಳ ಹಿಂದೆಯೇ ಪ್ರಸ್ತಾರ ಹಾಕಿ ಕೂತಿದ್ದರು.

ಇನ್ನು ಬಳಕೆ. ಸೊನ್ನೆಯಲ್ಲಿ ಸೊನ್ನೆ ಹೋದರೆ ಸೊನ್ನೆ, ಒಂದರಲ್ಲಿ ಒಂದು ಹೋದರೂ ಸೊನ್ನೆ, ಒಂದರಲ್ಲಿ ಸೊನ್ನೆ ಹೋದರೆ ಒಂದು. ಇಷ್ಟಕ್ಕೆ ಕೈಪಿಡಿ ಬೇಕಿಲ್ಲ. ತಕರಾರು ಶುರುವಾಗುವುದು ಸೊನ್ನೆಯಲ್ಲಿ ಒಂದನ್ನು ಕಳೆಯಬೇಕಾದಾಗ. ಆಗ ಎಡಪಕ್ಕದ ಮನೆಯಲ್ಲಿ ಸಾಲ ಕೇಳಬೇಕು. ಅಲ್ಲಿಂದ ಬಂದ ಒಂದಕ್ಕೆ ಇಲ್ಲಿ ಎರಡರ ಬೆಲೆ. ಹತ್ತು ಸಿಗುತ್ತಿದ್ದ ಕಾಲ ಹೋಯಿತು.

ಈಗ 1000ದಲ್ಲಿ 1 ಕಳೆಯಿರಿ. ಬಲತುದಿಯ ಸೊನ್ನೆ ಪಕ್ಕದ ಮನೆಯ ಬಾಗಿಲು ತಟ್ಟಿದರೆ ಅಲ್ಲೂ ಸೊನ್ನೆ, ಅದರಾಚೆಯ ಮನೆಯಲ್ಲೂ ಸೊನ್ನೆ. ಕೊನೆಗೆ ಎಡತುದಿಯ ಸಾಹುಕಾರ ತನ್ನಲ್ಲಿದ್ದ ಒಂದೇ ಒಂದನ್ನು ಕೊಟ್ಟು ಬರಿಗೈಯಾಗುತ್ತಾನೆ. ಆ ಎಂಟು ಪಕ್ಕದವರ ಕೈಗೆ ಎರಡು ನಾಲ್ಕಾಗಿ ಬರುತ್ತದೆ. ಅವರು ಒಂದು ನಾಲ್ಕನ್ನು ಇಟ್ಟುಕೊಂಡು, ಇನ್ನೊಂದನ್ನು ಎರಡು ಎರಡಾಗಿ ಒಡೆದು ದಾಟಿಸುತ್ತಾರೆ. ಮುಂದಿನವರೂ ಅದನ್ನೇ ಮಾಡುತ್ತಾರೆ. ಉತ್ತರ 0111. ನಡುವಿನವರಿಬ್ಬರಿಗೂ ದಲಾಲಿ ಸಿಕ್ಕಂತೆ ಕಂಡರೆ ಕೂಡಿಸಿ ನೋಡಿ: ನಾಲ್ಕು, ಎರಡು, ಒಂದು, ಒಟ್ಟು ಏಳೇ.

ಕಂಪ್ಯೂಟರ್ ಮಾತ್ರ ಹೀಗೆ ಮನೆಮನೆ ಅಲೆಯುವುದಿಲ್ಲ. ಕೂಡುವ ಸರ್ಕ್ಯೂಟ್ ಒಂದಿದ್ದರೆ ಕಳೆಯುವುದನ್ನೂ ಅದರಲ್ಲೇ ಮುಗಿಸುತ್ತದೆ. ಉಪಾಯ ಹಳೆಯದು. ಪ್ಯಾಸ್ಕಲ್ 1642ರಲ್ಲಿ ಕೈಹಾಕಿದ ಲೆಕ್ಕದ ಯಂತ್ರದ ಚಕ್ರಗಳು ಒಂದೇ ದಿಕ್ಕಿಗೆ ತಿರುಗುತ್ತಿದ್ದವು. ಅದೂ ಪೂರಕ ಸಂಖ್ಯೆಯನ್ನು ಕೂಡಿಸಿಯೇ ಕಳೆಯುತ್ತಿತ್ತು. ನೀವೂ ಮಾಡಿ ನೋಡಿ. ಹದಿಮೂರರಲ್ಲಿ ಆರು ಕಳೆಯಬೇಕು. ಆರು ಎಂದರೆ 0110. ಅದರ ಸೊನ್ನೆಗಳನ್ನೆಲ್ಲ ಒಂದು ಮಾಡಿ, ಒಂದುಗಳನ್ನೆಲ್ಲ ಸೊನ್ನೆ ಮಾಡಿ: 1001. ಮೇಲೊಂದು ಕೂಡಿಸಿ: 1010. ಇದನ್ನು 1101ಕ್ಕೆ ಕೂಡಿದರೆ 10111. ಎಡತುದಿಯಲ್ಲಿ ಹೊರಗೆ ಚಾಚಿಕೊಂಡ ಐದನೆಯ ಅಂಕಿಯನ್ನು ಕಸಕ್ಕೆ ಹಾಕಿ. ಉಳಿದದ್ದು 0111, ಏಳು. ಮಾಟವಲ್ಲ. ತಿರುವಿ ಹಾಕಿ ಒಂದು ಕೂಡಿದಾಗ ನೀವು ಮಾಡಿದ್ದು ಹದಿನಾರರಲ್ಲಿ ಆರು ಕಳೆದದ್ದು. ಹಾಗಾಗಿ ಉತ್ತರದಲ್ಲಿ ಹದಿನಾರು ಹೆಚ್ಚಾಗಿತ್ತು. ಕಸಕ್ಕೆ ಹೋದದ್ದು ಆ ಹದಿನಾರೇ. ಸಾಲದ ಪುರಾಣಕ್ಕಿಂತ ಈ ದಾರಿ ನನಗೆ ಹೆಚ್ಚು ಇಷ್ಟ, ಯಾರ ಹಂಗೂ ಇಲ್ಲ.

ಎಚ್ಚರಿಕೆ: ಋಣ ಸಂಖ್ಯೆಗೂ ಇದೇ ಪೂರಕವನ್ನು ಬಳಸುತ್ತಾರೆ. ಆಗ ಎಡತುದಿಯಲ್ಲಿ ಒಂದಿದ್ದರೆ ಋಣ ಎಂದು ಒಪ್ಪಂದ. ಆ ಒಪ್ಪಂದದಲ್ಲಿ ನಮ್ಮ ಹದಿಮೂರು, ಅದೇ 1101, ಮೈನಸ್ ಮೂರಾಗುತ್ತದೆ. ಯಂತ್ರಕ್ಕೆ ಎರಡೂ ಒಂದೇ, ಓದುವವರಿಗೆ ಗೊತ್ತಿರಬೇಕು ಅಷ್ಟೆ. ನಾಲ್ಕು ಸ್ಥಾನದಲ್ಲಿ ಏಳಕ್ಕೆ ಒಂದು ಕೂಡಿದರೆ ಮೈನಸ್ ಎಂಟು ಬರುವುದೂ ಇದರಿಂದಲೇ. ದುರಸ್ತಿಗೆ ತರಬೇಡಿ.

32 ಸ್ಥಾನದ ಮಾದರಿಯಲ್ಲಿ ಇದೇ ತೊಂದರೆ ದೊಡ್ಡ ಪ್ರಮಾಣದಲ್ಲಿ ಕಾದಿದೆ. 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತ ಬಂದ ಅಂಥ ಗಡಿಯಾರಗಳು 2038ರ ಜನವರಿ 19ರ ಬೆಳಗ್ಗೆ, ಭಾರತೀಯ ಕಾಲಮಾನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, 2147483647 ಮುಟ್ಟುತ್ತವೆ. ಮರುಸೆಕೆಂಡಿಗೆ ಅವು 1901ರ ಡಿಸೆಂಬರ್ ತೋರಿಸುತ್ತವೆ. 64 ಸ್ಥಾನದ ಮಾದರಿಗೆ ಈ ಕಾಟವಿಲ್ಲ. ಹಳೆಯದನ್ನೇ ಇಟ್ಟುಕೊಂಡವರು ಅಷ್ಟರೊಳಗೆ ಬದಲಾಯಿಸಿಕೊಳ್ಳತಕ್ಕದ್ದು.